ಮೆಲ್ವಿನ್ ಹೇಳದೇ ಇದ್ದ ಮಾತು

“ಕಾರು ಕೊಡಬಹುದು” ಎಂದು ಮೆಲ್ವಿನ್ ಹೇಳಿರಲಿಲ್ಲ. ಹೇಳಿದ್ದಾನೆಂದು ನಾನು ಸುಳ್ಳು ಹೇಳಿದೆ. ಊರಿಗೆ ಹೇಳಿದ್ದು ಒಂದು ಕಡೆ ಇರಲಿ — ಅವನಿಗೇ, ಅವನ ಮುಖ ನೋಡಿಕೊಂಡೇ ಹೇಳಿದೆ. ಅವನು ನನ್ನನ್ನು ನಂಬಿ ತನ್ನ ನೆನಪನ್ನು ಕೈಬಿಟ್ಟ. ಅಷ್ಟು ನಂಬುತ್ತಾನೆಂದು ನನಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಹೇಳಿದೆ.

ಬನ್ನಂಜೆಯಲ್ಲಿ ನಾವಿಬ್ಬರೂ ಸೇರಿ ಗ್ಯಾರೇಜು ನಡೆಸುತ್ತಿದ್ದೆವು. ಸ್ಪ್ಯಾನರ್ ಹಿಡಿಯುವ ಕೆಲಸ ನನ್ನದು. ಲ್ಯಾಪ್‌ಟಾಪ್ ಜೋಡಿಸಿ ಎಂಜಿನ್ನಿನ ಕಂಪ್ಯೂಟರ್ ಹೊಂದಿಸುವ ಕೆಲಸ ಮೆಲ್ವಿನ್‌ನದು. ಅವನು ಕಾಪುವಿನವನು. ಐಟಿಐಯಲ್ಲಿ ಒಟ್ಟಿಗೆ ಓದಿದವರು ನಾವು. ನನ್ನ ಅಕ್ಕ ಸುಜಾತಳನ್ನು ಅವನೂ ಅಕ್ಕ ಎಂದೇ ಕರೆಯುತ್ತಿದ್ದ. ಅಕ್ಕನ ಗಂಡ ದಿವಾಕರ ಭಾವನಿಗಂತೂ ನನಗಿಂತ ಅವನ ಮೇಲೆಯೇ ಒಂದು ಹಿಡಿ ಪ್ರೀತಿ ಹೆಚ್ಚು — ಇದನ್ನೂ ಹೇಳಿಬಿಡಬೇಕು.

ಭಾವ ದುಬೈ ಬಿಟ್ಟು ಬಂದು ಕಾರ್ಕಳದಲ್ಲಿ ಟೈಲ್ಸ್ ಅಂಗಡಿ ಹಾಕಿದ್ದರು. ಟರ್ಬೊ ಇರುವ ಪೆಟ್ರೋಲ್ ಕಾರು ಕೊಂಡು, ಅದಕ್ಕೊಂದು ಬೇರೆ ಏರ್ ಇನ್‌ಟೇಕ್ ಹಾಕಿಸಬೇಕೆಂದು ಬಂದರು. ಕಾರಿನೊಂದಿಗೆ ಬಂದ ಏರ್ ಫಿಲ್ಟರಿನ ಡಬ್ಬಿ ತೆಗೆದು, ಅಲ್ಲಿಗೆ ಅಗಲವಾದ ಅಲ್ಯೂಮಿನಿಯಂ ಪೈಪು, ಅದರ ತುದಿಗೆ ತೆರೆದ ಫಿಲ್ಟರು. ನಾನು ಒಂದು ಮಧ್ಯಾಹ್ನದಲ್ಲಿ ಹಾಕಿ ಮುಗಿಸಿದೆ. ಎಂಜಿನ್ ಗಾಳಿ ಎಳೆದುಕೊಳ್ಳುವ ಹೊಸ ಸದ್ದು ಕೇಳಿ ಭಾವ ಗ್ಯಾರೇಜಿನಲ್ಲಿ ನಿಂತು ಒಬ್ಬರೇ ನಗುತ್ತಿದ್ದರು.

ಕಾರನ್ನು ಗ್ಯಾರೇಜಿನಲ್ಲೇ ಬಿಟ್ಟು ಅವರು ಹೋದ ಮೇಲೆ ಮೆಲ್ವಿನ್ ಆ ಪೈಪಿನ ಮೇಲೆ ಕೈಯಿಟ್ಟು ಹೇಳಿದ್ದು —

“ಇದು ಮೊದಲಿನದ್ದಕ್ಕಿಂತ ಅಗಲ ಉಂಟು ಸಂತು. ಗಾಳಿ ಅಳೆಯುವ ಸೆನ್ಸರ್ ಹತ್ತಿರ ಗಾಳಿ ನಿಧಾನ ಹೋಗ್ತದೆ. ಒಳಗೆ ಬಂದ ಗಾಳಿ ಹೆಚ್ಚು, ಸೆನ್ಸರ್ ಹೇಳುವುದು ಕಡಿಮೆ. ಅದಕ್ಕೆ ಸರಿಯಾಗಿ ಕಂಪ್ಯೂಟರ್ ಪೆಟ್ರೋಲನ್ನೂ ಕಡಿಮೆ ಬಿಡ್ತದೆ. ಮೆಲ್ಲ ಹೋದರೆ ಹೊಗೆಯ ಸೆನ್ಸರ್ ನೋಡಿ ತಾನೇ ಸರಿ ಮಾಡಿಕೊಳ್ತದೆ. ಫುಲ್ ಒತ್ತಿದರೆ ಅದು ಕಾಯುವುದಿಲ್ಲ, ಒಳಗೆ ಬೆಂಕಿ ಹಾಗೆ ಬಿಸಿ. ಪಿಸ್ಟನ್ ಹೋಗ್ತದೆ ಮಾರಾಯ. ನಾನು ಹೊಂದಿಸಿ, ಹೈವೇಯಲ್ಲಿ ಓಡಿಸಿ ನೋಡುವವರೆಗೆ ಕೊಡಬೇಡ.”

ಅರ್ಥವಾಗಲಿಲ್ಲ ಎಂದು ಹೇಳಲಾರೆ. ಪೂರ್ತಿ ಅರ್ಥವಾಗಿತ್ತು.

ಆದರೆ ಅದೇ ವಾರ ಯಾರೋ ಒಬ್ಬರು, ಮೆಲ್ವಿನ್ ಮಣಿಪಾಲದಲ್ಲಿ ಸ್ವಂತ ಅಂಗಡಿಗೆ ಜಾಗ ನೋಡುತ್ತಿದ್ದಾನೆಂದು ನನ್ನ ಕಿವಿಗೆ ಹಾಕಿದ್ದರು. ನನಗೆ ಹೇಳದೆ, ನನ್ನ ಬೆನ್ನ ಹಿಂದೆ — ಎಂದು ಒಳಗೊಳಗೇ ಕುದಿಯುತ್ತಿದ್ದೆ. ಬಾಯಿಬಿಟ್ಟು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ಆ ಸುದ್ದಿ ನಿಜವೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವನು ಕಾಯಬೇಕು ಎಂದದ್ದು ಭಾವನ ಎದುರು ದೊಡ್ಡವನಾಗಲಿಕ್ಕೆ ಎಂದು ಮಾತ್ರ ನನಗೆ ಆಗ ಕಂಡಿತು.

ಮರುದಿನ ಅವನು ಪಡುಬಿದ್ರಿಗೆ ಕೆಲಸಕ್ಕೆ ಹೋಗಿದ್ದಾಗ ಭಾವ ಬಂದರು. ಎಲ್ಲ ಆಗಿದೆ ಎಂದು ಕೀ ಕೈಗೆ ಕೊಟ್ಟೆ.

ಹಿರಿಯಡ್ಕ ದಾಟಿದ ಮೇಲೆ ಒಂದು ಟಿಪ್ಪರನ್ನು ಹಿಂದೆ ಹಾಕಲು ಭಾವ ಆಕ್ಸಿಲರೇಟರ್ ಪೂರ್ತಿ ಒತ್ತಿದರಂತೆ. ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಎಂಜಿನ್ನಿನಲ್ಲಿ ಸದ್ದು, ಮತ್ತೆ ಎಳೆತವೇ ಇಲ್ಲ. ಪಕ್ಕದಲ್ಲಿ ಟಿಪ್ಪರು, ಎದುರಿಗೆ ಬಸ್ಸು. ಬಲಕ್ಕೆ ತಿರುಗಿಸಿ ಕಾರನ್ನು ಚರಂಡಿಗೆ ಇಳಿಸಿದರು. ಜೀವ ಉಳಿಯಿತು. ಎಡ ಮೊಣಕಾಲು ಉಳಿಯಲಿಲ್ಲ. ಆಮೇಲೆ ಎಂಜಿನ್ ಬಿಚ್ಚಿದಾಗ ಪಿಸ್ಟನ್ನಿನ ನೆತ್ತಿಯಲ್ಲಿ ತೂತು ಬಿದ್ದಿತ್ತು.

ಆಸ್ಪತ್ರೆಯ ವರಾಂಡದಲ್ಲಿ ಅಕ್ಕ ಕೇಳಿದ್ದು ಇಷ್ಟೇ — ಕಾರು ಸರಿ ಉಂಟು ಎಂದವರು ಯಾರು? ಮೆಲ್ವಿನ್ ಅಲ್ಲೇ ಇದ್ದ. ಸುದ್ದಿ ಕೇಳಿ ಪಡುಬಿದ್ರಿಯಿಂದ ನೇರವಾಗಿ ಓಡಿಬಂದಿದ್ದ.

“ಮೆಲ್ವಿನ್” ಎಂದೆ.

ಅವನು ನನ್ನ ಕಡೆ ತಿರುಗಿದ. ಕೋಪದಿಂದಲ್ಲ. “ನಾನು ಹಾಗೆ ಹೇಳಿದ್ದೇನಾ ಸಂತು?”

“ಬೆಳಿಗ್ಗೆ ಹೊರಡುವಾಗ ಹೇಳಿದ್ದಲ್ವಾ? ನೀನು ಗಡಿಬಿಡಿಯಲ್ಲಿದ್ದೆ. ನಿನಗೆ ನೆನಪಿಲ್ಲ.”

ಮೊದಲು ಹೇಳಿದ್ದು ಹೆದರಿ ಬಾಯಿಗೆ ಬಂದ ಹೆಸರು. ಆದರೆ ‘ನಿನಗೆ ನೆನಪಿಲ್ಲ’ ಎಂದದ್ದು — ಅದನ್ನು ನಾನು ಯೋಚಿಸಿ ಹೇಳಿದ್ದು. ಅವನು ತಲೆ ತಗ್ಗಿಸಿ ನಿಂತ. ಬೆಳಗಿನ ಒಂದೊಂದು ಮಾತನ್ನೂ ಮನಸ್ಸಿನಲ್ಲಿ ಹುಡುಕುತ್ತಿದ್ದಾನೆಂದು ನನಗೆ ಕಾಣುತ್ತಿತ್ತು. ಅದು ಅಲ್ಲಿ ಇಲ್ಲವೆಂದು ತಿಳಿದಿದ್ದವನು ನಾನೊಬ್ಬನೇ. ಆಗ ತಡೆಯಬಹುದಿತ್ತು. ತಡೆಯಲಿಲ್ಲ.

“ಹೇಳಿರಬಹುದು” ಎಂದ ಮೆಲ್ವಿನ್. ಅಕ್ಕನ ಎರಡೂ ಕೈ ಹಿಡಿದುಕೊಂಡು ಕ್ಷಮೆ ಕೇಳಿದ. ಅಕ್ಕ ಕೈ ಬಿಡಿಸಿಕೊಂಡಳು.

ಮುಂದಿನ ತಿಂಗಳು ಅವನು ಗ್ಯಾರೇಜಿಗೆ ಬರುವುದನ್ನು ನಿಲ್ಲಿಸಿದ. ಕಾಪುವಿನಲ್ಲಿ ಮೀನಿನವರಿಗೆ ಮಂಜುಗಡ್ಡೆ ಮಾಡುವ ಘಟಕದಲ್ಲಿ ಕೆಲಸಕ್ಕೆ ಸೇರಿದ. ಎಂಜಿನ್ ಹೊಂದಿಸಲು ಯಾರು ಕರೆದರೂ ಹೋಗುತ್ತಿರಲಿಲ್ಲ. ಗಿರಾಕಿಗಳು ವಿಚಾರಿಸಿದರೆ, ಒಂದು ಎಂಜಿನ್ ಅವನ ಕೈಯಲ್ಲಿ ಹಾಳಾಯಿತು ಎಂದು ನಾನು ಬೇಸರದ ಮುಖ ಮಾಡಿ ಹೇಳುತ್ತಿದ್ದೆ. ಭಾವನ ಎಡಗಾಲು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಕ್ಲಚ್ ಒತ್ತಲಾಗದೆ ಕ್ಲಚ್ ಇಲ್ಲದ ಕಾರು ಕೊಂಡಿದ್ದಾರೆ. ಆದರೆ ಅವರು ಹೇಳಿಕೊಳ್ಳುತ್ತಿದ್ದದ್ದು ಕಾಲಿನ ನೋವಲ್ಲ. ತಮ್ಮನ ಹಾಗೆ ನೋಡಿಕೊಂಡವನು ಹೀಗೆ ಮಾಡಿದನಲ್ಲ ಎಂದು. ಎಷ್ಟೋ ಸಲ ಅವರ ಎದುರು ಕುಳಿತು ನಾನು ತಲೆಯಾಡಿಸಿದ್ದೇನೆ. ದ್ರೋಹವಾದದ್ದು ನಿಜ. ದ್ರೋಹಿ ಅಲ್ಲೇ ಕುಳಿತು ಅವರ ಮನೆಯ ಚಾ ಕುಡಿಯುತ್ತಿದ್ದ.

ಆರೇಳು ವರ್ಷ ಹೀಗೇ ಹೋಯಿತು. ಇನ್ನೂ ಹೋಗುತ್ತಿತ್ತೇನೋ.

ಈ ಸಲದ ಮಳೆಗಾಲಕ್ಕೆ ಮೊದಲು ಮೆಲ್ವಿನ್‌ನ ಹೆಂಡತಿ ಲವೀನಾ ಸ್ಕೂಟರಿನ ಬ್ರೇಕ್ ಸರಿ ಮಾಡಿಸಲು ಗ್ಯಾರೇಜಿಗೆ ಬಂದಳು. ಅವನು ಹೇಗಿದ್ದಾನೆಂದು ಕೇಳಿದೆ, ಕೇಳಬೇಕಲ್ಲ ಎಂದು.

“ಮರೆವಿನ ಭಯ ಅಣ್ಣ ಅವರಿಗೆ. ಡಾಕ್ಟರು ಎಂತ ಇಲ್ಲ ಎಂದರು. ಆದರೂ ಮನೆಯಲ್ಲಿ ಸಣ್ಣ ಮಾತಿಗೂ, ನಾನು ಹಾಗೆ ಹೇಳಿದ್ದೇನಾ, ನಾನು ಹಾಗೆ ಹೇಳಿದ್ದೇನಾ ಎಂದು ಕೇಳ್ತಾರೆ.”

ಬ್ರೇಕಿನ ಕೇಬಲ್ ಕೈಯಲ್ಲೇ ಇತ್ತು. ಅದನ್ನು ಹೇಗೆ ಜೋಡಿಸಿ ಕಳಿಸಿದೆನೋ ಗೊತ್ತಿಲ್ಲ.

ಭಾನುವಾರ ಕಾಪುವಿಗೆ ಹೋದೆ. ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ಬಂದು ಮೆಲ್ವಿನ್ ಜಗಲಿಯಲ್ಲಿ ಕುಳಿತಿದ್ದ. ನನ್ನನ್ನು ಕಂಡು ಅವನಿಗೆ ಸಂತೋಷವೇ ಆಯಿತು. ಅದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಕುಳಿತುಕೊಳ್ಳದೆ ಹೇಳಿದೆ — ನೀನು ಕೊಡಬೇಡ ಎಂದಿದ್ದೆ, ಅದಕ್ಕೆ ಕಾರಣವನ್ನೂ ಹೇಳಿದ್ದೆ, ನಿನ್ನ ನೆನಪಿನಲ್ಲಿ ತಪ್ಪಿರಲಿಲ್ಲ.

ನಾನು ಹೊಡೆತಕ್ಕೆ ಕಾಯುತ್ತಿದ್ದೆ.

“ಕಾರು ಹೋದದ್ದು, ಕೆಲಸ ಹೋದದ್ದು ಇರಲಿ” ಎಂದ ಕೊನೆಗೆ. “ಇಷ್ಟು ವರ್ಷ ನಾನು ನನ್ನ ತಲೆಯನ್ನು ನಂಬಲಿಲ್ಲ. ನಿನ್ನನ್ನು ನಂಬಿದೆ.”

ಎದ್ದು ಒಳಗೆ ಹೋದ. ಲವೀನಾ ಹೊರಗೆ ಬಂದು ನನ್ನನ್ನು ನೋಡಿ ಬಾಗಿಲು ಹಾಕಿಕೊಂಡಳು.

ಅಲ್ಲಿಂದ ಕಾರ್ಕಳಕ್ಕೆ ಹೋಗಿ ಭಾವ ಮತ್ತು ಅಕ್ಕನಿಗೂ ಹೇಳಿದೆ. ಅಕ್ಕ ಅಳಲಿಲ್ಲ, ಬೈಯಲಿಲ್ಲ. ಆ ದಿನದಿಂದ ನನಗೆ ಫೋನ್ ಮಾಡಿಲ್ಲ. ಭಾವ ಮಾತ್ರ ಮೆಲ್ವಿನ್‌ನ ಮನೆಯ ದಾರಿ ಕೇಳಿದರು. ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. “ನೀನು ಬರುವುದು ಬೇಡ” ಎಂದರು. ಅವರು ಹೋಗಿ ಬಂದಿದ್ದಾರೆಂದು ಮಾತ್ರ ಗೊತ್ತು. ಅಲ್ಲಿ ಏನು ಮಾತಾಯಿತೆಂದು ಕೇಳುವ ಮುಖ ನನಗಿಲ್ಲ.

ಈಗ ಹಳೆಯ ಗಿರಾಕಿಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ, ಆ ಎಂಜಿನ್ ಹಾಳಾದದ್ದು ಮೆಲ್ವಿನ್‌ನಿಂದಲ್ಲ, ನನ್ನಿಂದ ಎಂದು ಹೇಳುತ್ತಿದ್ದೇನೆ. ಕೆಲವರು ಸುಮ್ಮನೆ ಕೇಳಿ ಇಡುತ್ತಾರೆ. ಇಷ್ಟು ವರ್ಷದ ಮೇಲೆ ಯಾಕೆ ಎನ್ನುತ್ತಾರೆ ಕೆಲವರು. ನಿನ್ನೆ ಮಣಿಪಾಲದ ಒಬ್ಬರು, ಮೆಲ್ವಿನ್‌ನ ಕೈಯಿಂದಲೇ ಮೂರು ಕಾರು ಹೊಂದಿಸಿಕೊಂಡಿದ್ದವರು, ನಾನು ಹೇಳಿದ್ದನ್ನೆಲ್ಲ ಕೇಳಿ, “ಯಾವ ಮೆಲ್ವಿನ್?” ಎಂದರು.

ಅವನು ಯಾರೆಂದು ಹೇಳಿದೆ. ಆಮೇಲೆ ಎಲ್ಲವನ್ನೂ ಮೊದಲಿನಿಂದ ಹೇಳಿದೆ.