ಸಾಹೇಬರ ಬೀಳ್ಕೊಡುಗೆ

ನಮ್ಮ ಸಿಮೆಂಟ್ ಕಾರ್ಖಾನೆಯಲ್ಲಿ ನಿವೃತ್ತನಾದವನನ್ನು ಕಾರಿನಲ್ಲಿ ಕಳಿಸುವ ಪದ್ಧತಿಯಿಲ್ಲ. ರುಮಾಲು ಸುತ್ತಿ, ಹಲಗೆ ಬಾರಿಸುತ್ತ, ಯೂನಿಯನ್ ಮುಖಂಡ ಕೈಹಿಡಿದು ಗೇಟಿನ ತನಕ ನಡೆಸಿಕೊಂಡು ಹೋಗಬೇಕು. ಕಸ ಗುಡಿಸುವವನಿಗೂ ಅದೇ, ಸಾಹೇಬನಿಗೂ ಅದೇ. ಮುಖಂಡ ಬರದಿದ್ದರೆ ಕೆಲಸಗಾರರೂ ಬರುವುದಿಲ್ಲ. ಆ ಮುಖಂಡ ನಾನು. ಮಂದಿಯನ್ನು ಕೆಲಸಕ್ಕೆ ಇಡುವ, ತೆಗೆಯುವ ಪರ್ಸನೆಲ್ ಆಫೀಸರ್ ಸಾಹೇಬರು ನಿವೃತ್ತರಾಗುವುದಕ್ಕೆ ಎಷ್ಟು ಕಾದಿದ್ದೆನೆಂದರೆ, ಅವರ ಹುಟ್ಟಿದ ತಾರೀಖು ನನಗೆ ನನ್ನ ಹೆಂಡತಿಯದಕ್ಕಿಂತ ಚೆನ್ನಾಗಿ ಗೊತ್ತಿತ್ತು.

ಮೊದಲು ನಾನು ಕಾರ್ಖಾನೆಯ ಶಾಲೆಯಲ್ಲಿ ಮಾಸ್ತರ. ಕಲಬುರಗಿಯಲ್ಲಿ ಎಂ.ಎ. ಮಾಡಿ, ಕಂಡದ್ದನ್ನೆಲ್ಲ ಪ್ರಶ್ನಿಸುವ ಚಟ ಹತ್ತಿಸಿಕೊಂಡು ಬಂದಿದ್ದೆ. ಒಂದು ದಿನ ಮಕ್ಕಳಿಗೆ, ಬೆಂಚಿನ ಮೇಲೆ ಅಂಗೈ ಒರೆಸಿ ನೋಡಿ, ಈ ಧೂಳು ಎಲ್ಲಿಂದ ಬಂತು ಹೇಳಿ ಎಂದೆ. ಬಾಗಿಲಲ್ಲಿ ಈ ಆಫೀಸರ್ ಹೆಡ್‌ಮಾಸ್ತರರ ಜೊತೆ ನಿಂತಿದ್ದರು.

"ಧೂಳಿನ ಮ್ಯಾಲ ಅಷ್ಟು ಪ್ರೀತಿ ಇದ್ರ ನಾಳಿಂದ ಚೀಲ ಹೊರಾಕ ಬರ್ರಿ ಮಾಸ್ತರ."

ಮಕ್ಕಳು ನಕ್ಕರು. ಅದೇ ವಾರ ಕೆಲಸ ಹೋಯಿತು. ನಾನು ನಿಜಕ್ಕೂ ಚೀಲ ಹೊರುವವರ ಬಳಿಗೇ ಹೋದೆ. ಗುತ್ತಿಗೆದಾರ ಅವರಿಂದ ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದಗಳನ್ನು ಓದಿ ಹೇಳುತ್ತ ಹೇಳುತ್ತ ಅವರ ಮುಖಂಡನಾದೆ. ವಾಡಿ, ಶಹಾಬಾದ್, ಚಿತ್ತಾಪುರ, ಎಲ್ಲಿ ಗೇಟ್ ಮೀಟಿಂಗ್ ಇದ್ದರೂ ಸಾಹೇಬರ ಆ ಚೀಲದ ಮಾತನ್ನು ಹೇಳದೆ ವೇದಿಕೆಯಿಂದ ಕೆಳಗಿಳಿದವನಲ್ಲ.

ನಿವೃತ್ತಿಯ ಹಿಂದಿನ ದಿನ ಸಾಹೇಬರೇ ಯೂನಿಯನ್ ಕಚೇರಿಗೆ ಬಂದರು. ನಾನು ಕುಂದ್ರಿ ಅನ್ನಲಿಲ್ಲ.

"ನಾಳಿಗಿ ಬರ್ತೀರಲ್ಲ ಮಾಸ್ತರ? ಚಿಂಚೋಳಿಯಿಂದ ಬೀಗರು ಬರಾಕತ್ತಾರ. ಅವರ ಮುಂದ ಮರ್ಯಾದಿ ಪ್ರಶ್ನಾ."

"ಚೀಲ ಹೊರಾಕ ಬರ್ರಿ ಅಂದಿದ್ದು ನೆನಪದ ಏನ್ರಿ?"

"ನಾನಾ?" ಅವರು ತಲೆ ಕೆರೆದುಕೊಂಡರು. "ಅಂದಿದ್ರೂ ಅಂದಿರಬಹುದು ಬಿಡ್ರಿ. ದಿನಾ ಎಷ್ಟು ಮಂದಿಗಿ ಬೈದೀನೋ."

ಅವರು ಹೋದ ಮೇಲೆ, ಮೂಲೆಯಲ್ಲಿ ಕುಳಿತಿದ್ದ, ಚೀಲ ಹೊರುವ ಹಳೆಯ ಲೋಡರ್ ಬಾಯಿ ಬಿಟ್ಟ. ಅವನ ಮಗಳು ಆಗ ಅದೇ ಕ್ಲಾಸಿನಲ್ಲಿದ್ದಳು.

"ಸರ್, ಆ ಮಾತು ಇವರು ಅಂದಿಲ್ರಿ. ಹೆಡ್‌ಮಾಸ್ತರ ಅಂದಿದ್ದು. ಮಗಳು ಅವತ್ತೇ ಮನಿಗಿ ಬಂದು ಹೇಳಿದ್ಳು."

"ಇಷ್ಟು ವರ್ಷ ಯಾಕ ಸುಮ್ಮನಿದ್ದಿ?"

"ಆ ಮಾತು ಬಂತಂದ್ರ ಮಂದಿ ಭಾಳ ಚಪ್ಪಾಳಿ ಹೊಡೀತಿತ್ತಲ್ರಿ. ನಾ ಯಾಕ ಕೆಡಸ್ಲಿ?"

ಮನೆಗೆ ಹೋಗಿ ನೆನಪು ಮಾಡಿಕೊಂಡೆ. ಬಾಗಿಲು ಕಾಣುತ್ತದೆ, ಇಬ್ಬರು ಕಾಣುತ್ತಾರೆ. ಆದರೆ ಯಾರ ಬಾಯಿ ಅಲ್ಲಾಡಿತು? ನನ್ನ ವಿದ್ಯಾರ್ಥಿ ಈ ನನ್ನ ನೆನಪಿನಂಥ ಸಾಕ್ಷಿ ತಂದಿದ್ದರೆ ನಾನೇ ಅವನನ್ನು ನಂಬುತ್ತಿರಲಿಲ್ಲ. ಹೆಡ್‌ಮಾಸ್ತರ ತೀರಿಕೊಂಡು ಬಹಳ ಕಾಲವಾಯಿತು. ಸತ್ತವನ ಮೇಲೆ ಹೇಗೆ ಸೇಡು ತೀರಿಸಿಕೊಳ್ಳುವುದು? ಇವರಂತೂ ಬಾಗಿಲಲ್ಲಿದ್ದರು. ನನ್ನನ್ನು ತೆಗೆದುಹಾಕಿದವರು ಇವರೇ. ನನಗೆ ಅಷ್ಟು ಸಾಕಾಗಿತ್ತು.

ಮರುದಿನ ಗೇಟಿನ ಎದುರಿನ ಚಹಾ ಅಂಗಡಿಯಲ್ಲಿ ಕುಳಿತೆ. ಸಾಹೇಬರು ಒಳಗಿನಿಂದ ನಡೆದು ಬಂದರು. ಯಾರೋ ಅವಸರದಲ್ಲಿ ಸುತ್ತಿದ ರುಮಾಲು ಕಿವಿಯ ಮೇಲೆ ಜಾರಿತ್ತು. ಹಿಂದೆ ಬೀಗರು ಮಾತ್ರ ಇದ್ದರು, ಯಾರ ಮುಖ ನೋಡಬೇಕೆಂದು ತಿಳಿಯದೆ. ಹಲಗೆಯವರು ಕೋಲು ಎತ್ತಿಕೊಂಡು ನನ್ನ ಕಡೆ ನೋಡುತ್ತಿದ್ದರು.

"ಏಳ್ರಿ ಸರ್," ಎಂದ ಪಕ್ಕದಲ್ಲಿ ಕುಳಿತಿದ್ದ ಲೋಡರ್. "ಇನ್ನಾ ಟೈಮ್ ಅದ."

ಸಾಹೇಬರು ಗೇಟಿನ ಒಳಗೇ ನಿಂತು, ನನ್ನತ್ತ ನೋಡಿ, ಕೈಯನ್ನು ಕೊಂಚ ಮುಂದೆ ಚಾಚಿದರು.

ನಾನು ಇನ್ನೊಂದು ಚಹಾ ಹೇಳಿದೆ.