ಮಂಗಮ್ಮ ತೋರಿಸಿದ ಸೊಪ್ಪು

ಮಂಗಮ್ಮ ಯಾರನ್ನೂ ನಂಬುತ್ತಿರಲಿಲ್ಲ. ಡೈರಿಯಲ್ಲಿ ಹಾಲು ಅಳೆಯುವಾಗ ಬಗ್ಗಿ ಅಳತೆ ನೋಡುತ್ತಿದ್ದಳು. ಬಸ್ಸಿನಲ್ಲಿ ಪಕ್ಕ ಕೂತವರು "ಯಾವೂರು?" ಅಂದರೆ ಬೇರೆ ಊರಿನ ಹೆಸರು ಹೇಳುತ್ತಿದ್ದಳು. ಹುಟ್ಟಾ ಹೀಗಿದ್ದವಳಲ್ಲ. ಬಂಗಾರಪೇಟೆ ಕಡೆಯಿಂದ ಕೆಜಿಎಫ್‌ನ ಉರಿಗಾಂ ಆಚೆಯ ಈ ಹಳ್ಳಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ಯಾರೋ ಇಬ್ಬರು ಜಗುಲಿಯ ಮೇಲೆ ಕೂತು ಮಜ್ಜಿಗೆ ಕುಡಿದು, ಊರ ಗೋಮಾಳ ಎಲ್ಲಿಂದ ಎಲ್ಲಿಗೆ ಎಂದು ಅಕ್ಕರೆಯಿಂದ ಕೇಳಿದ್ದರು. ಅವಳು ಜೊತೆಗೇ ನಡೆದು ಒಂದೊಂದು ಗಡಿಕಲ್ಲನ್ನೂ ತೋರಿಸಿದ್ದಳು. ಮರುವರ್ಷ ಅಲ್ಲಿ ಕಾಂಪೌಂಡು ಎದ್ದಿತು. ದನ ಮೇಯಿಸಲು ಜಾಗವಿಲ್ಲದ ಊರು ಅವಳನ್ನೇ ಬೈದಿತು. ಗೊತ್ತಿರುವುದನ್ನು ಬಾಯಿಬಿಟ್ಟು ಹೇಳುವುದನ್ನೇ ಅವಳು ಬಿಟ್ಟಳು.

ಹಾಗಿರುವಾಗ ಭಾರ್ಗವಿ ಬಂದಳು. ದಾವಣಗೆರೆ ಕಡೆಯವಳು, ಗಂಡನಿಗೆ ಕೆಜಿಎಫ್‌ನ ಕಾರ್ಖಾನೆಯಲ್ಲಿ ಕೆಲಸ, ಕ್ವಾರ್ಟರ್ಸಿನಲ್ಲಿ ಮನೆ. ಮಳೆ ಬಿದ್ದು ಹೊಲದ ಬದುಗಳಲ್ಲಿ ಬೆರಕೆ ಸೊಪ್ಪು ತಾನಾಗಿ ಎದ್ದಿದ್ದ ಒಂದು ಭಾನುವಾರ, ಸೊಪ್ಪು ಕೀಳುತ್ತಿದ್ದ ಮಂಗಮ್ಮನ ಎದುರಿಗೆ ಚೀಲ ಹಿಡಿದು ನಿಂತಳು.

"ಅಮ್ಮಾ, ನಾನು ಕ್ವಾರ್ಟರ್ಸಿನವಳು. ಇದರಲ್ಲಿ ತಿನ್ನೋ ಸೊಪ್ಪು ಯಾವುವು ಅಂತ ಸ್ವಲ್ಪ ತೋರಿಸ್ತೀರಾ?"

"ನಿಂಗ್ಯಾಕಮ್ಮ? ಅಂಗಡೀಲಿ ಸಿಗಲ್ವಾ?"

"ಬೇರೆಯವರಿಗೆ ಬೇಕಿತ್ತು."

ಬೇರೆಯವರಿಗೆ! ಮೊಬೈಲ್ ಎತ್ತಿ ಬದುವಿನ ಫೋಟೊ ಬೇರೆ ತೆಗೆಯುತ್ತಿದ್ದಾಳೆ. ಜಾಗ ನೋಡಲು ಬಂದವಳೋ, ಬದು ಬೋಳಿಸಿ ಬಂಗಾರಪೇಟೆಯಲ್ಲಿ ಮಾರುವವಳೋ? ಅಣ್ಣೆ, ಗಣಿಕೆ, ದಗ್ಗಲ ಸೊಪ್ಪುಗಳೆಲ್ಲ ಕಾಲಡಿಯಲ್ಲೇ ಇದ್ದವು. ಮಂಗಮ್ಮ ಮಾತ್ರ ಬೇಲಿ ಪಕ್ಕದ, ದನವೂ ಮೂಸದ ಕಹಿ ಗಿಡವೊಂದನ್ನು ತೋರಿಸಿದಳು. ತಿಂದರೆ ಯಾರಿಗೂ ಏನೂ ಆಗುವುದಿಲ್ಲ. ನಾಲಿಗೆ ಮೇಲೆ ಇಡಲಾಗುವುದಿಲ್ಲ, ಅಷ್ಟೆ.

"ಇದೇ ಕಣಮ್ಮ. ಚೆನ್ನಾಗಿರ್ತದೆ, ತಕ್ಕೊಂಡೋಗು."

ಭಾರ್ಗವಿ ನಗುತ್ತಾ ಚೀಲ ತುಂಬಿಕೊಂಡು ಬಸ್ ಹತ್ತಿದಳು. ಮಂಗಮ್ಮನಿಗೆ ಸಮಾಧಾನವಾಗಲಿಲ್ಲ. ಹಿಂದಿನ ಬಾಗಿಲಿನಿಂದ ತಾನೂ ಹತ್ತಿದಳು. ಕ್ವಾರ್ಟರ್ಸಿಗೆ ಹೋಗಬೇಕಾದವಳು ಉರಿಗಾಂನಲ್ಲೇ ಇಳಿದಾಗ, ಈಗ ಸಿಕ್ಕಿಬಿದ್ದಳು ಅಂದುಕೊಂಡು ಸೆರಗನ್ನು ತಲೆ ಮೇಲೆಳೆದು ಹಿಂದೆ ನಡೆದಳು.

ಗಣಿ ಕೆಲಸಗಾರರ ಹಳೆಯ ಸಾಲುಮನೆಗಳಲ್ಲಿ ಒಂದರ ಮುಂದೆ ಅಂಜಲೈ ಎಂಬ ತಮಿಳು ಮುದುಕಿ ಕಾಲು ಚಾಚಿ ಕೂತಿದ್ದಳು. ಭಾರ್ಗವಿ ಅವಳೆದುರು ಚೀಲ ಸುರಿದಳು. ಮುದುಕಿ ಒಂದೆಲೆ ಹಿಸುಕಿ, ಮೂಸಿ, ಪಕ್ಕಕ್ಕೆಸೆದಳು.

"ಅಯ್ಯೋ ಕಣ್ಣೂ, ಇದು ಕೀರೈ ಅಲ್ಲ, ತಿನ್ನೋ ಸೊಪ್ಪೇ ಅಲ್ಲ. ದನ ಕೂಡ ತಿನ್ನಲ್ಲ. ಮಂಡಿ ನೆಟ್ಟಗಿದ್ದಿದ್ರೆ ನಾನೇ ಓಗಿ ಕಿತ್ಕೊಂಡು ಬರ್ತಿದ್ದೆ. ಯಾರು ತೋರ್ಸಿದ್ದು?"

"ಹೊಲದಲ್ಲಿ ಒಬ್ರು ಅಮ್ಮ. ಪಾಪ, ಅವರಿಗೂ ಗೊತ್ತಿರಲಿಲ್ವೇನೋ. ಬೇರೆ ಯಾರನ್ನಾದ್ರೂ ಕೇಳ್ತೀನಿ ಅಜ್ಜಿ."

ಮೋಸಗಾತಿ ಅಂದಿದ್ದರೆ ಮಂಗಮ್ಮ ಜಗಳವಾಡಿ ಹೋಗುತ್ತಿದ್ದಳು. ಸೊಪ್ಪು ಗೊತ್ತಿಲ್ಲದವಳು ಅನ್ನಿಸಿಕೊಳ್ಳುವುದೆ? ಗೋಡೆ ಮರೆಯಿಂದ ಈಚೆ ಬಂದಳು.

"ಗೊತ್ತಿತ್ತು. ಗೊತ್ತಿದ್ದೇ ತೋರ್ಸ್ದೆ. ಮಾರ್ಕೊಳ್ಳಾಕೆ ಬಂದಿದ್ದೀಯ ಅಂದ್ಕೊಂಡೆ."

ಭಾರ್ಗವಿಯ ಮುಖ ಚಿಕ್ಕದಾಯಿತು. ಅಂಜಲೈ ಕೂತಲ್ಲಿಂದಲೇ ಕೇಳಿದಳು: "ಅಣ್ಣೆ ಬಂದೈತಾ ನಿಮ್ಮ ಕಡೆ?"

"ಬಂದೈತೆ."

"ಅಂಗಾದ್ರೆ ತಂದ್ಕೊಡು. ಬೈಯೋದು ಆಮೇಲೆ."

ಭಾರ್ಗವಿ ಬಿಡುವಿದ್ದಾಗಲೆಲ್ಲ ಆ ಸಾಲಿನ ಮುದುಕಿಯರಿಗೆ ಔಷಧಿ ತಂದುಕೊಡುತ್ತಾಳೆ, ಸೊಪ್ಪು ಅವರೇ ಕೇಳಿದ್ದು ಎಂದು ಮಂಗಮ್ಮನಿಗೆ ಅಲ್ಲೇ ತಿಳಿಯಿತು. ಮುಂದಿನ ಭಾನುವಾರ ಭಾರ್ಗವಿಯನ್ನು ಬದುಗಳ ಮೇಲೆ ಕರೆದೊಯ್ದಳು. ಯಾವುದರ ಕುಡಿ ಚಿವುಟಬೇಕು, ಗಣಿಯ ವಿಷದ ಮಣ್ಣು ಸುರಿದ ಸೈನೈಡ್ ದಿಬ್ಬದ ಕಡೆ ಎಷ್ಟು ಹುಲುಸಾಗಿ ಬೆಳೆದಿದ್ದರೂ ಯಾಕೆ ಕೈಹಾಕಬಾರದು, ಎಲ್ಲ ಹೇಳಿದಳು. ಫೋಟೊ ತೆಗೆಯಲು ಮಾತ್ರ ಬಿಡಲಿಲ್ಲ.

"ಕಣ್ಣಲ್ಲಿ ನೋಡ್ಕೊ, ಸಾಕು."

ಭಾರ್ಗವಿ ಮೊಬೈಲನ್ನು ಒಳಗಿಟ್ಟಳು. ವಾರ ವಾರ ಸೊಪ್ಪು ಉರಿಗಾಂಗೆ ಹೋಯಿತು. ಮಂಗಮ್ಮನೂ ಹೋದಳು. ಮೊದಮೊದಲು ಚೀಲ ನಿಜವಾಗಿ ಅಲ್ಲಿಗೇ ಸೇರುತ್ತದಾ ಎಂದು ನೋಡಲು. ಆಮೇಲೆ ಅಂಜಲೈ ಜೊತೆ ಕೂತು ಸೊಪ್ಪು ಸೋಸಲು.

ಈಗ ಊರಿಗೆ ಅನುಮಾನ ಶುರುವಾಯಿತು. ನೆರೆಮನೆಯ ಸುಮಲತ ಡೈರಿಯ ಮುಂದೆ ಕ್ಯಾನು ಕೆಳಗಿಟ್ಟು ಕೇಳಿಯೇಬಿಟ್ಟಳು: "ಕ್ವಾರ್ಟರ್ಸೋರ ಜೊತೆ ನಿಂದೇನಕ್ಕಾ ಯವಾರ? ಸುಮ್‌ಸುಮ್ನೆ ಯಾರಾದ್ರೂ ಅಲೀತಾರಾ?"

ಸಾಲಿನಲ್ಲಿದ್ದವರೆಲ್ಲ ಕಿವಿ ನಿಮಿರಿಸಿದರು. ಮಂಗಮ್ಮನಿಗೆ ಕೋಪ ಬರಲಿಲ್ಲ. ತಾನಾಗಿದ್ದರೂ ಅದನ್ನೇ ಕೇಳುತ್ತಿದ್ದಳು.

"ಬಾಯಲ್ಲಿ ಏಳಿದ್ರೆ ನೀನು ನಂಬಲ್ಲ ಕಣೆ. ಭಾನುವಾರ ಬಾ, ನೀನೇ ನೋಡು."

ಸುಮಲತ ಬಂದಳು, ಸಾಕ್ಷಿಗೆಂದು ಇನ್ನಿಬ್ಬರನ್ನು ಕಟ್ಟಿಕೊಂಡು. ಮೂವರೂ ಹೊಲದಂಚಿನ ಹುಣಸೆ ಮರದ ಕೆಳಗೆ ಕೈಕಟ್ಟಿ ನಿಂತು ಬಹಳ ಹೊತ್ತು ದೂರದಿಂದಲೇ ನೋಡಿದರು. ಭಾರ್ಗವಿ ಗಣಿಕೆ ಕೀಳುವ ರೀತಿ ನೋಡಿ ಕೊನೆಗೆ ಸುಮಲತಳಿಗೆ ತಡೆಯಲಾಗಲಿಲ್ಲ.

"ಅಯ್ಯೋ ಅಮ್ಮಣ್ಣಿ, ಗಣಿಕೆ ಅಂಗಾ ಕೀಳಾದು? ಕೊಡು ಇಲ್ಲಿ," ಎನ್ನುತ್ತಾ ಸೀರೆ ಎತ್ತಿಕಟ್ಟಿ ಹೊಲಕ್ಕಿಳಿದಳು.