ಬೋರಲು ಮಲಗಿದ ಮಧ್ಯಾಹ್ನಗಳು

ಲಕ್ಷ್ಮಿದೇವಮ್ಮನಿಗೆ ಕೊರೋನಾ ಬಂದದ್ದು ಎರಡನೆಯ ಅಲೆಯಲ್ಲಿ, ಏಪ್ರಿಲ್ ಕೊನೆಯ ಉರಿಬಿಸಿಲಿನಲ್ಲಿ. ಆಗಲೇ ಎಪ್ಪತ್ತು ದಾಟಿದ್ದ ಹೆಂಗಸು. ನಾಗರಬಾವಿಯ ಹಳೆ ಊರಿನ ಕಡೆ ಮೂರು ಮಹಡಿಯ ಮನೆ. ಮೇಲೆ ಬಾಡಿಗೆಗಿದ್ದ ಕಾಲೇಜು ಹುಡುಗಿಯರೆಲ್ಲ ಲಾಕ್‌ಡೌನ್ ಎಂದು ತಮ್ಮ ತಮ್ಮ ಊರಿಗೆ ಹೋಗಿಬಿಟ್ಟಿದ್ದರಿಂದ ಮೆಟ್ಟಿಲ ಮೇಲೆ ಚಪ್ಪಲಿ ಸದ್ದೇ ಇರಲಿಲ್ಲ. ಕೆಳಗಿನ ಮನೆಯಲ್ಲಿ ಆಕೆ, ಗಂಡ ತಿಮ್ಮಯ್ಯ, ಮಗ ಭೈರೇಶ್, ಸೊಸೆ ಕೀರ್ತನಾ.

ತಿಮ್ಮಯ್ಯ ಆಕೆಯ ಸೋದರತ್ತೆಯ ಮಗ. ಅತ್ತೆಮನೆಗೆ ಬೇಸಿಗೆ ರಜೆಗೆ ಬರುತ್ತಿದ್ದ ಹುಡುಗಿ ಕೊನೆಗೆ ಆ ಮನೆಗೇ ಸೊಸೆಯಾಗಿ ಬಂದಳು. ಮದುವೆಯಾಗಿ ಐವತ್ತು ವರ್ಷ ಕಳೆದರೂ ‘ಭಾವ’ ಎಂದು ಕರೆಯುವುದು ತಪ್ಪಿರಲಿಲ್ಲ. ಕೀರ್ತನಾ ಮದುವೆಯಾಗಿ ಬಂದ ಹೊಸದರಲ್ಲಿ ಅದನ್ನು ಕೇಳಿ ನಕ್ಕಿದ್ದುಂಟು.

ಜ್ವರ ಬಂದ ಮೇಲೆ ಲಕ್ಷ್ಮಿದೇವಮ್ಮನನ್ನು ಮುಂದಿನ ಕೋಣೆಯಲ್ಲಿ ಒಬ್ಬಳನ್ನೇ ಮಲಗಿಸಿದರು. ಮಾಸ್ಕು ಹಾಕಿಕೊಂಡು ಒಳಗೆ ಹೋಗುತ್ತಿದ್ದವಳು ಕೀರ್ತನಾ ಒಬ್ಬಳೇ, ಗಂಡ ಹೋಗುವಂತಿರಲಿಲ್ಲ. ಆತ ಹೊರಗಿನ ಪ್ಯಾಸೇಜಿನಲ್ಲಿ, ಕಿಟಕಿಯ ಪಕ್ಕಕ್ಕೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಬೆಳಗಿನಿಂದ ಕೂತುಬಿಡುತ್ತಿದ್ದ. ಮಾಸ್ಕು ಮೂಗಿನ ಕೆಳಗೆ ಜಾರುವುದು, ಕೀರ್ತನಾ ಬಂದು “ಮಾವ, ಮೇಲಕ್ಕೆ ಎಳ್ಕೊಳಿ” ಎಂದು ಗದರುವುದು ಇಡೀ ದಿನ ನಡೆಯುತ್ತಿತ್ತು.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ತೊಂಬತ್ಮೂರು ತೋರಿಸಿದ ದಿನ, ಅನ್ನಪೂರ್ಣೇಶ್ವರಿ ನಗರದ ಡಾಕ್ಟರ್ ರಾಗಿಣಿ ವೀಡಿಯೋ ಕಾಲ್‌ನಲ್ಲಿ ನೋಡಿದರು.

“ಅಮ್ಮ, ನೀವು ಬೋರಲು ಮಲಗ್ಬೇಕು. ಎದೆ ಕೆಳಗೊಂದು ದಿಂಬು, ಸೊಂಟದ ಕೆಳಗೊಂದು, ಕಾಲಿಗೊಂದು. ಅರ್ಧ ಗಂಟೆ ಆದ್ಮೇಲೆ ಪಕ್ಕಕ್ಕೆ ತಿರುಗಿ, ಆಮೇಲೆ ಮತ್ತೆ ಬೋರಲು. ಕೀರ್ತನಾ, ನಂಬರ್ ಇನ್ನೂ ಇಳಿದ್ರೆ ನನಗೋಸ್ಕರ ಕಾಯ್ಬೇಡಿ, ಆಸ್ಪತ್ರೆಗೆ ಕರ್ಕೊಂಡ್ ಹೊರಡಿ.”

ಹೇಳಿದಷ್ಟು ಸುಲಭವಿರಲಿಲ್ಲ. ಮೈ ತಿರುಗಿಸಿದ ಕೂಡಲೇ ಉಸಿರು ಗಂಟಲಿಗೆ ಬಂದಂತಾಗಿ ಲಕ್ಷ್ಮಿದೇವಮ್ಮ ಮಂಚದ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

“ನನ್ ಕೈಲಾಗಲ್ಲ ಕಣವ್ವ. ಮಣ್ಣಿಗೆ ಮುಖ ಕೊಟ್ಟಂಗಾಗ್ತದೆ,” ಎಂದು ಸೊಸೆಗೆ ಹೇಳಿ ಅತ್ತಳು.

ಕಿಟಕಿಯ ಆಚೆಯಿಂದ ತಿಮ್ಮಯ್ಯನ ದನಿ ಬಂತು. “ಲಕ್ಷ್ಮೀ, ಮಂಚ ಯಾಕೆ ಹಿಡ್ಕೊಂಡಿದೀಯ? ಬಿಡು.”

“ಬಿಟ್ರೆ ಮುಳುಗ್ತೀನಿ ಭಾವ.”

ಯಾಕೆ ಹಾಗಂದಳೋ ಆಕೆಗೇ ತಿಳಿಯಲಿಲ್ಲ. ತಿಮ್ಮಯ್ಯ ಕುರ್ಚಿಯನ್ನು ಕಿಟಕಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡ. ಆಮೇಲೆ ಮೆಲ್ಲಗೆ ಹೇಳಿದ. “ಈಜು ಕಲಿಯೋವಾಗ ತೋಟದ ಬಾವೀಲೂ ನೀನು ಹಿಂಗೇ ಮೆಟ್ಲು ಹಿಡ್ಕೊಂಡು ಕಿರುಚ್ಕೊಂಡಿದ್ದೆ. ಬೆನ್ನಿಗೆ ಸೋರೆಬುರುಡೆ ಕಟ್ಟಿದ್ರೂ ಬಿಡ್ಲಿಲ್ಲ. ಆಗ ನಾನೇನಂದಿದ್ದೆ? ನೀರೇ ನಿನ್ನ ಹೊತ್ಕೊಳ್ತದೆ ಕಣೆ, ನೀನು ಸುಮ್ನೆ ಬಿದ್ಕೊ ಅಂದಿದ್ನಲ್ಲ.”

ಆ ಬಾವಿ ಈಗಿಲ್ಲ. ತೋಟ ಲೇಔಟ್ ಆದಾಗ ಅದನ್ನು ಮುಚ್ಚಿದರು. ಅದರ ಮೇಲೆ ಹಾದ ರಸ್ತೆಯಲ್ಲಿ ಈಗ ಎಳನೀರಿನ ಗಾಡಿ ನಿಲ್ಲುತ್ತದೆ. ಅಲ್ಲಿ ದಿನವೂ ಓಡಾಡಿದರೂ ಲಕ್ಷ್ಮಿದೇವಮ್ಮನಿಗೆ ಅದು ನೆನಪಿಗೆ ಬಂದು ಎಷ್ಟೋ ಕಾಲವಾಗಿತ್ತು. ಆದರೆ ಕೈ ಮರೆತಿರಲಿಲ್ಲ. ಬೆರಳುಗಳು ಒಂದೊಂದಾಗಿ ಸಡಿಲವಾದವು. ಮುಖ ಪಕ್ಕಕ್ಕೆ ತಿರುಗಿತು. ಹೊಟ್ಟೆ ದಿಂಬಿನ ಮೇಲೆ ಭಾರ ಬಿಟ್ಟಿತು.

ಮೊದಲು ಬಂದದ್ದು ತಂಪು. ಮೇಲೆ ಬಿಸಿಲಿಗೆ ಬೆಚ್ಚಗಾದ ನೀರು, ಮೊಣಕಾಲಿನ ಹತ್ತಿರ ಐಸಿನಂಥ ನೀರು. ಕಲ್ಲಿನ ಸಂದಿಯಲ್ಲಿ ಪಾರಿವಾಳಗಳು ಗುಟುರು ಹಾಕುತ್ತಿದ್ದವು, ಆ ಸದ್ದು ಬಾವಿಯ ಸುತ್ತ ತಿರುಗಿ ತಿರುಗಿ ಬರುತ್ತಿತ್ತು. ನೀರಿನ ಕೆಳಗೆ ಹಸಿರು, ಅದರ ಕೆಳಗೆ ಇನ್ನೂ ಗಾಢವಾದ ಹಸಿರು. ಒಂದು ಆಮೆ ಅವಸರವಿಲ್ಲದೆ ಮೇಲೆ ಬಂದು, ಮೂಗು ತೋರಿಸಿ, ಉಸಿರು ಎಳೆದುಕೊಂಡು ಇಳಿಯಿತು. ಲಕ್ಷ್ಮಿದೇವಮ್ಮನೂ ಉಸಿರು ಎಳೆದುಕೊಂಡಳು. ಅದು ಒಳಗೆ ಎಲ್ಲಿಯವರೆಗೆ ಹೋಯಿತೆಂದರೆ, ಬೆನ್ನಿನ ಪಕ್ಕೆಲುಬು ಅಗಲವಾದದ್ದು ಆಕೆಗೆ ಗೊತ್ತಾಯಿತು. ಫ್ಯಾನಿನ ಸದ್ದೋ, ರಾಟೆಯ ಸದ್ದೋ. ಯಾರೋ ದೂರದಿಂದ ‘ಬಿಡು, ಬಿಡು’ ಎನ್ನುತ್ತಿದ್ದರು.

ಕಣ್ಣು ಬಿಟ್ಟಾಗ ಬಿಸಿಲು ಕಿಟಕಿಯಿಂದ ಗೋಡೆಗೆ ಸರಿದಿತ್ತು. ಕೀರ್ತನಾ ಬೆರಳಿಗೆ ಯಂತ್ರ ಸಿಕ್ಕಿಸಿ ನೋಡಿ, “ಅತ್ತೆ, ತೊಂಬತ್ತೈದು!” ಎಂದಳು.

“ಆಮೆ ಬಂದಿತ್ತು ಭಾವ.”

“ಆ ಬಾವೀಲಿ ಆಮೆ ಇರ್ಲೇ ಇಲ್ವಲ್ಲ.”

“ಇತ್ತು. ನೀನು ನೋಡಿಲ್ಲ.”

ಮುಂದಿನ ದಿನಗಳೆಲ್ಲ ಸಲೀಸಾಗಿ ಕಳೆಯಲಿಲ್ಲ. ಒಂದು ಬೆಳಿಗ್ಗೆ ನಂಬರ್ ತೀರಾ ಇಳಿದು, ಭೈರೇಶ್ ಆಂಬುಲೆನ್ಸಿಗೆ ಫೋನ್ ಹಚ್ಚಿ ಕೂತಿದ್ದ. ಅತ್ತ ಕಡೆಯವರು ಎತ್ತುವ ಹೊತ್ತಿಗೆ ಅದು ಮತ್ತೆ ಏರಿತು. ಡಾಕ್ಟರ್ ಹೇಳಿದ ಮಾತ್ರೆ, ಗಂಜಿ, ಬಿಸಿನೀರು, ಮತ್ತೆ ಮತ್ತೆ ಬೋರಲು. ಕಿಟಕಿಯಾಚೆ ಕೂತ ತಿಮ್ಮಯ್ಯ ತೋಚಿದ್ದೆಲ್ಲ ಮಾತಾಡುತ್ತಿದ್ದ: ಬಾವಿಯ ನೀರೆತ್ತಲು ಕಪಿಲೆ ಎಳೆಯುತ್ತಿದ್ದ ಎತ್ತಿನ ಹೆಸರು, ಆಕೆ ಈಜು ಕಲಿತ ವರ್ಷ ಬೆಳೆದ ಕನಕಾಂಬರ, ತನ್ನ ತಾಯಿ ಮಾಡುತ್ತಿದ್ದ ಹುರುಳಿ ಬಸ್ಸಾರು. ಕೆಲವಕ್ಕೆ ಆಕೆ ಹೂಂಗುಟ್ಟುತ್ತಿದ್ದಳು, ಕೆಲವಕ್ಕೆ ನಿದ್ದೆ ಹೋಗಿರುತ್ತಿದ್ದಳು. ಮೇ ಮಧ್ಯದ ಹೊತ್ತಿಗೆ ಜ್ವರ ಬಿಟ್ಟಿತು. ಎದ್ದು ಕೂತರೆ ಮತ್ತೆ ಮಲಗಬೇಕೆನಿಸುತ್ತಿತ್ತು, ಮನಸ್ಸು ಯಾವುದರಲ್ಲೂ ನಿಲ್ಲುತ್ತಿರಲಿಲ್ಲ. ಅರ್ಧ ಜೀವ ಇನ್ನೂ ಎಲ್ಲೋ ತೇಲುತ್ತಲೇ ಇದ್ದಂತಿತ್ತು.

ಅಂಥ ಒಂದು ಮಧ್ಯಾಹ್ನ ಅನಂತಲಕ್ಷ್ಮಿಯವರ ಫೋನ್ ಬಂತು. ನಿವೃತ್ತ ಸ್ಕೂಲ್ ಮೇಡಂ, ಅನ್ನಪೂರ್ಣೇಶ್ವರಿ ನಗರದವರು. ಪಾರ್ಕಿನ ಬೆಂಚಿನಲ್ಲಿ ಬೆಳಗಿನ ಹೊತ್ತು ಆದ ಸ್ನೇಹ; ಒಬ್ಬರ ಮನೆಗೆ ಇನ್ನೊಬ್ಬರು ಹೋದದ್ದೇ ಇಲ್ಲ. ಈಗ ಅವರಿಗೂ ಕೊರೋನಾ ಬಂದಿತ್ತು. ಮಗ ಮುರಳೀಕೃಷ್ಣನೂ ಪಕ್ಕದ ಕೋಣೆಯಲ್ಲಿ ಮಲಗಿದ್ದ.

“ಬೋರಲು ಮಲಗಿ ಅಂತಾರೆ ಕಣ್ರೀ. ಎದೆ ಹೊಡ್ಕೊಳತ್ತೆ. ನೀವು ಹೇಗ್ರೀ ಮಲಗಿದ್ರಿ?”

“ನೀರಲ್ಲಿ ತೇಲ್ತಾ ಇದೀನಿ ಅನ್ಕೊಳಿ ಮೇಡಂ.”

“ಅಯ್ಯೋ, ನನಗೆ ನೀರು ಕಂಡ್ರೇ ಭಯ.”

ಲಕ್ಷ್ಮಿದೇವಮ್ಮ ಯೋಚಿಸಿದಳು. “ಹಂಗಾರೆ ಸಣ್ಣೋರಿದ್ದಾಗ ಹೊಟ್ಟೆ ಮೇಲೆ ಮಲ್ಕೊಂಡು ಏನ್ ಮಾಡ್ತಿದ್ರಿ, ಹೇಳಿ.”

ಅತ್ತ ಕಡೆ ದಿಂಬು ಸರಿಸಿಕೊಂಡ ಸದ್ದು ಕೇಳಿಸಿತು. ಆಮೇಲೆ, “ರಾಜಾಜಿನಗರದ ಮನೇಲಿ ಕೆಂಪು ನೆಲ ಇತ್ತು,” ಎಂದರು ಅನಂತಲಕ್ಷ್ಮಿ. “ಅಮ್ಮ ಒರೆಸಿದ ಮೇಲೆ ಕೆನ್ನೆ ಒತ್ತಿ ಮಲಗ್ತಿದ್ದೆ. ಇರುವೆ ಸಾಲು ನೋಡ್ತಾ.”

“ಮಲ್ಕೊಳಿ ಮತ್ತೆ. ನಾನೂ ಮಲ್ಕೊಂತೀನಿ. ಫೋನ್ ಇಡ್ಬೇಡಿ.”

ಇಬ್ಬರೂ ಮಲಗಿದರು, ಫೋನು ಕಿವಿಯ ಪಕ್ಕದಲ್ಲಿ.

“ಇರುವೆ ಎಲ್ಲಿಗ್ ಹೋಗ್ತಾವೆ ಮೇಡಂ?”

“ಅಡುಗೆಮನೆ ಹೊಸಿಲಿಗೆ… ಬೆಲ್ಲದ ಡಬ್ಬ ಇದೆಯಲ್ಲ…”

“ಅವಸರ ಇಲ್ಲ. ಹೋಗ್ಲಿ ಬಿಡಿ.”

ಲಕ್ಷ್ಮಿದೇವಮ್ಮನ ಕೆನ್ನೆಗೂ ತಣ್ಣನೆಯ ನೆಲ ತಾಗಿತು. ತಾನೆಂದೂ ಕಾಣದ ಮನೆ, ಕೆಂಪು ಹೊಳಪು, ಅದರಲ್ಲಿ ತಲೆಕೆಳಗಾಗಿ ಕಾಣುವ ಬಾಗಿಲು. ಯಾರ ಬಾಲ್ಯದಲ್ಲಿ ಯಾರು ಮಲಗಿದ್ದಾರೆಂದು ತಿಳಿಯದಂತೆ ಆ ಮಧ್ಯಾಹ್ನ ಕಳೆಯಿತು. ಆಮೇಲೆ ದಿನವೂ ಊಟದ ನಂತರ ಆ ಫೋನ್ ಬರುತ್ತಿತ್ತು. ಅದಕ್ಕಾಗಿ ಲಕ್ಷ್ಮಿದೇವಮ್ಮ ತಲೆ ಬಾಚಿಕೊಂಡು, ಎರಡು ತುತ್ತು ಹೆಚ್ಚೇ ಉಂಡು ಕಾಯತೊಡಗಿದಳು.

ಒಂದು ದಿನ ಫೋನ್ ಬರಲಿಲ್ಲ. ಮುರಳೀಕೃಷ್ಣನಿಗೆ ಮಾಡಿದರೆ, ಅಮ್ಮನಿಗೆ ಆಕ್ಸಿಜನ್ ಬೇಕಾಯಿತು, ಆಸ್ಪತ್ರೆಗೆ ಸೇರಿಸಿದ್ದೇವೆ ಎಂದ. ಲಕ್ಷ್ಮಿದೇವಮ್ಮ ಫೋನು ಹಿಡಿದೇ ಕೂತಳು. ಆಮೇಲಿನ ಮಧ್ಯಾಹ್ನಗಳಲ್ಲೂ ಅದೇ ಹೊತ್ತಿಗೆ ಬೋರಲು ಮಲಗುತ್ತಿದ್ದಳು. “ಈಗ್ಯಾಕೆ? ವಾಸಿ ಆಗಿದೆಯಲ್ಲ,” ಎಂದ ತಿಮ್ಮಯ್ಯ. “ಅವ್ರು ಒಬ್ರೇ ಆಗ್ತಾರೆ ಭಾವ,” ಎಂದಳು.

ವಾರ ಕಳೆದ ಮೇಲೆ ಮುರಳೀಕೃಷ್ಣನೇ ಫೋನ್ ಮಾಡಿದ. ಅಮ್ಮ ಮನೆಗೆ ಬಂದಿದ್ದಾರೆ, ಮಾತಾಡಲು ಶಕ್ತಿಯಿಲ್ಲ, ಆದರೆ ನಿಮ್ಮ ದನಿ ಕೇಳಬೇಕಂತೆ ಎಂದ. ಲಕ್ಷ್ಮಿದೇವಮ್ಮ ಅಂದಿನ ಸಾರಿಗೆ ಕೀರ್ತನಾ ಏನೇನು ಹಾಕಿದ್ದಳೆಂದು ಹೇಳಿದಳು. ಅತ್ತ ಕಡೆ ಸಣ್ಣಗೆ ನಕ್ಕದ್ದು ಕೇಳಿಸಿತು.

ಪಾರ್ಕು ತೆರೆದು ಎಷ್ಟೋ ದಿನವಾದ ಮೇಲೆ ಇಬ್ಬರೂ ಮತ್ತೆ ಅಲ್ಲಿ ಸಿಕ್ಕರು. ಅನಂತಲಕ್ಷ್ಮಿಯವರ ಕೈಯಲ್ಲಿ ಊರುಗೋಲಿತ್ತು, ಕೂದಲು ತೆಳ್ಳಗಾಗಿತ್ತು. ಮಾಸ್ಕಿನ ಮೇಲೆ ಕಣ್ಣಷ್ಟೇ ಕಾಣುತ್ತಿದ್ದರೂ ಇಬ್ಬರೂ ದೂರದಿಂದಲೇ ಗುರುತು ಹಿಡಿದರು.

“ಒಂದು ಸುತ್ತು ಹೋಗೋಣ್ವೇನ್ರೀ?”

“ಅರ್ಧ ಸಾಕು ಮೇಡಂ. ಹೊಂಗೆಮರದ ತನಕ.”

ಅನಂತಲಕ್ಷ್ಮಿ ಒಂದು ಕೈಯನ್ನು ಆಕೆಯ ತೋಳಿಗೆ ಕೊಟ್ಟರು. ಇಬ್ಬರೂ ನಡುನಡುವೆ ನಿಂತು ದಮ್ಮು ತೆಗೆದುಕೊಳ್ಳುತ್ತ ನಡೆದರು. ಮರದ ನೆರಳು ಬಂದಾಗ ಕೂತರು. ಎಳೆಬಿಸಿಲು ಹುಲ್ಲಿನ ಮೇಲೆ ನಿಧಾನವಾಗಿ ಹರಡುತ್ತಿತ್ತು. ಅವತ್ತು ಮನೆಗೆ ಹೋಗುವಾಗ ಲಕ್ಷ್ಮಿದೇವಮ್ಮ ಮೊದಲ ಸಲ ಅನಂತಲಕ್ಷ್ಮಿಯವರ ಬಾಗಿಲ ತನಕ ಹೋಗಿ, ಒಳಗೆ ಕಾಫಿ ಕುಡಿದು ಬಂದಳು.